ಉತ್ತರ ಬಾರದ ಗುರುವಾರ

ಧಾರವಾಡದ ಕಡೆಯ ಒಂದು ಪರೀಕ್ಷಾ ಕಚೇರಿ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ಪ್ರಭಾಕರ ಮುಧೋಳ... ವಯಸ್ಸು ಐವತ್ತೆರಡು, ನೌಕರಿ ಇನ್ನೂ ಗುತ್ತಿಗೆಯದ್ದೇ.

ಹಳೆಯ ಅಂಕಗಳ ಲೆಡ್ಜರ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ, ಅವರು ಒಂದು ಸರ್ಚ್ ಸರ್ವರ್ ಸಿದ್ಧಪಡಿಸಿದ್ದರು. ಸೀಟ್ ನಂಬರ್ ಮರೆತಿದ್ದರೂ ಚಿಂತೆಯಿಲ್ಲ. ಹೆಸರು ಟೈಪ್ ಮಾಡಿದರೆ ನಾಲ್ಕು ಸೆಕೆಂಡಿನಲ್ಲಿ ಆ ಪುಟ ಕಣ್ಣೆದುರು...

ಆದರೆ ಆ ಸರ್ಚ್ ತಾನಾಗಿ ಶುರುವಾಗುತ್ತಿರಲಿಲ್ಲ.

ಪ್ರಭಾಕರರು ತಮ್ಮ ಪಾಸ್‌ವರ್ಡ್ ಹಾಕಿ, ಕಪ್ಪು ಪರದೆಯೊಂದನ್ನು ತೆರೆದು, ಒಂದು ಸಾಲು ಟೈಪ್ ಮಾಡಬೇಕಿತ್ತು. ಆ ಪರದೆ ಮುಚ್ಚಿದರೆ, ಕರೆಂಟ್ ಹೋಗಿ ಮಷಿನ್ ಹೊಸದಾಗಿ ಶುರುವಾದರೆ... ಮತ್ತೆ ಅವರೇ ಬರಬೇಕು.

ಅದನ್ನು ಹಿನ್ನೆಲೆಯಲ್ಲಿ ಸದಾ ಓಡುವ ಸರ್ವಿಸ್ ಆಗಿ ಮಾಡಬಹುದಿತ್ತು. ಆಗ ಮಷಿನ್ ಎದ್ದ ಕೂಡಲೇ ಸರ್ಚ್ ಕೂಡ ಏಳುತ್ತದೆ. ನಡುವೆ ಬಿದ್ದರೂ ತಾನೇ ಎದ್ದು ನಿಲ್ಲುತ್ತದೆ. ಯಾರೂ ಲಾಗಿನ್ ಆಗಿರಬೇಕಿಲ್ಲ. ಹತ್ತು ಸಾಲಿನ ಒಂದು ಫೈಲ್ ಬರೆದರೆ ಮುಗಿಯಿತು.

ಇದು ಪ್ರಭಾಕರರಿಗೆ ಗೊತ್ತಿತ್ತು... ಮೂರು ವರ್ಷಗಳಿಂದ ಗೊತ್ತಿತ್ತು.

ಕೌಂಟರಿನಲ್ಲಿ ಕೂರುವ ನಾಗವೇಣಿ ಒಮ್ಮೆ ಆ ಬಗ್ಗೆ ಕೇಳಿಯೂ ಇದ್ದಳು. ಅವರು ನಕ್ಕು, "ಎಲ್ಲಾ ತಾನ ನಡದ್ರ ನನ್ನ ಯಾಕ ಇಟ್ಕೊಂತಾರವಾ?" ಅಂದಿದ್ದರು.

ತಮಾಷೆಯ ಮಾತು. ಆದರೆ ಪ್ರತಿ ಮಾರ್ಚ್ ಬಂದಾಗ ಗುತ್ತಿಗೆ ಮುಂದುವರಿಯುವುದೋ ಇಲ್ಲವೋ ಎಂದು ಕಾಯುವ ಮನುಷ್ಯನಿಗೆ ಅದು ಪೂರ್ತಿ ತಮಾಷೆಯಾಗಿರಲಿಲ್ಲ.

ಒಂದು ಗುರುವಾರ... ತಂಗಿಯ ಮಗಳ ಕುಬಸಕ್ಕೆಂದು, ಅಂದರೆ ಸೀಮಂತಕ್ಕೆಂದು, ಎರಡು ದಿನ ರಜೆ ಹಾಕಿ ಇಳಕಲ್ಲಿಗೆ ಹೋದರು. ಹಿಂದಿನ ಸಂಜೆ ಎಲ್ಲವನ್ನೂ ಓಡಲು ಬಿಟ್ಟೇ ಹೊರಟಿದ್ದರು.

ಆ ಬೆಳಿಗ್ಗೆ ಕಚೇರಿಯಲ್ಲಿ ಕರೆಂಟ್ ಹೋಗಿ ಬಂತು. ಉಳಿದದ್ದೆಲ್ಲ ತಾನಾಗಿ ಶುರುವಾಯಿತು... ಸರ್ಚ್ ಒಂದನ್ನು ಬಿಟ್ಟು.

ಸಂಜೆ ಚೀಲದಿಂದ ಫೋನ್ ತೆಗೆದು ನೋಡಿದರೆ ಹನ್ನೊಂದು ಮಿಸ್ಡ್ ಕಾಲ್. ಎಲ್ಲವೂ ನಾಗವೇಣಿಯವು.

ನಿಜ ಹೇಳಬೇಕೆಂದರೆ... ಅವರಿಗೆ ಗಾಬರಿಗಿಂತ ಹಿತವೇ ಹೆಚ್ಚಾಯಿತು. ನಾನಿಲ್ಲದಿದ್ದರೆ ಎಷ್ಟು ಪರದಾಡುತ್ತಾರೆ ನೋಡು ಅನ್ನಿಸಿತು. ಶನಿವಾರ ಹೋಗಿ ಸರಿ ಮಾಡಿದರಾಯಿತು ಎಂದುಕೊಂಡರು.

ಶನಿವಾರ ಮೇಜಿನ ಮೇಲೆ ಒಂದು ಚೀಟಿ ಕಾದಿತ್ತು. ನಿಂಬೆವ್ವ ಯಲ್ಲಪ್ಪ ಕಮ್ಮಾರ. ಎಸ್ಸೆಸ್ಸೆಲ್ಸಿ, 1981. ಕೆಳಗೆ ಮಗಳು ಮಹಾದೇವಿಯ ಫೋನ್ ನಂಬರ್.

ನಾಗವೇಣಿ ವಿಷಯ ಹೇಳಿದಳು. ಆ ತಾಯಿಗೆ ರಿಸಲ್ಟ್ ಬರುವ ಮೊದಲೇ ಮದುವೆ ಗೊತ್ತಾಗಿತ್ತಂತೆ. ನೀನು ಫೇಲಾಗಿದ್ದೀ ಎಂದು ಅಪ್ಪ ಹೇಳಿದ್ದೇ ಕೊನೆ, ಆಕೆ ಯಾವ ಕಾಗದವನ್ನೂ ಕಂಡವಳಲ್ಲ. ಈಗ ಕಾಯಿಲೆ ಕೈಮೀರಿತ್ತು. ನಾನು ನಿಜವಾಗಿ ಫೇಲಾಗಿದ್ದೆನೇ ಎಂದು ನೋಡಿಕೊಂಡು ಬಾ... ಮಗಳಿಗೆ ಕೊಟ್ಟ ಕೆಲಸ ಅದೊಂದೇ.

ಮಹಾದೇವಿ ಗುರುವಾರ ಸಂಜೆಯವರೆಗೂ ಕಾದು ಕೂತಿದ್ದಳು. ಯಾವ ಲೆಡ್ಜರಿನ ಯಾವ ಪುಟವೆಂದು ಗೊತ್ತಿಲ್ಲದೆ ಯಾರೂ ಹುಡುಕುವಂತಿರಲಿಲ್ಲ.

ಪ್ರಭಾಕರರು ಸರ್ಚ್ ಶುರು ಮಾಡಿ ಹೆಸರು ಹಾಕಿದರು.

ನಾಲ್ಕು ಸೆಕೆಂಡು...

ಪಾಸ್. ಫಸ್ಟ್ ಕ್ಲಾಸ್.

ಖುಷಿಯಿಂದಲೇ ಫೋನ್ ಹಚ್ಚಿದರು. ಫಸ್ಟ್ ಕ್ಲಾಸಿನಲ್ಲಿ ಪಾಸ್ ಎಂದು ಮಹಾದೇವಿಗೆ ಹೇಳಿದರು.

"ಅವ್ವ ನಿನ್ನೆ ಮುಂಜಾನೆ ಹೋದ್ಲುರಿ, ಸರ್."

ಮಹಾದೇವಿ ಮುಂದುವರಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಸರ್ವರ್ ಬಂದ್ ಐತಿ ಬೇ, ಸಾಹೇಬ್ರು ಶನಿವಾರ ಬರ್ತಾರಂತ ಅಂತ ಅವ್ವಗ ಹೇಳಿದ್ನಿರಿ. ನಂಬಲಿಲ್ಲ. ನಾ ಫೇಲಾಗಿರಬೇಕು, ನನಗ ಸಂಕಟ ಆಗಬಾರ್ದಂತ ನೀ ಸುಳ್ಳ ಹೇಳಾಕತ್ತಿ ಅಂದ್ಲು... ಗ್ವಾಡಿ ಕಡೆ ಮಕ ಮಾಡಿ ಮಲ್ಕೊಂಡ್ಲು."

ಅವರು ಕಣ್ಣು ಮುಚ್ಚಿಕೊಂಡರು.

"ಗಣಿತದಾಗ ಎಷ್ಟ್ ಬಿದ್ದಾವ್ರಿ?" ಆಕೆ ಕೇಳಿದಳು.

"ಎಪ್ಪತ್ತೆಂಟು."

"ಎಪ್ಪತ್ತೆಂಟು..." ಆಕೆ ಮೆಲ್ಲಗೆ ಎಣಿಸಿದಂತೆ ಹೇಳಿದಳು. "ಗಣಿತದ ಪೇಪರ್ ಎಲ್ಲಾ ಬರದಿದ್ದೆ ಅಂತ ಅನ್ನಾಕಿ. ನಾವು ನಗತಿದ್ವಿ... ಇರಲಿ ಬಿಡ್ರಿ, ಕರೆಂಟ್ ಹೋದ್ರ ನೀವೇನ್ ಮಾಡತೀರಿ?"

ಆಕೆ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಕೊನೆಯ ಮಾತನ್ನು ತಡೆದುಕೊಳ್ಳಲು ಅವರಿಂದ ಆಗಲಿಲ್ಲ.

ಕರೆಂಟ್ ಹೋದರೆ ಏನು ಮಾಡಬೇಕೆಂದು ಅವರಿಗೆ ಮೂರು ವರ್ಷಗಳಿಂದ ಗೊತ್ತಿತ್ತಲ್ಲ...

ಇದನ್ನು ಅವರು ಆಕೆಗೆ ಹೇಳಿದರು. ತಪ್ಪು ಕರೆಂಟಿನದಲ್ಲ, ನನ್ನದು ಎಂದರು. ಆ ಕಡೆ ಫೋನ್ ಕಟ್ಟಾಯಿತು.

ಅಂದು ಊಟಕ್ಕೂ ಏಳದೆ ಆ ಹತ್ತು ಸಾಲು ಬರೆದರು. ಸರ್ಚ್ ತಮ್ಮ ಲಾಗಿನ್‌ನಲ್ಲಿ ಓಡುವುದನ್ನು ತಪ್ಪಿಸಿ, ಅದಕ್ಕೆ ಯಾವ ಮನುಷ್ಯನದೂ ಅಲ್ಲದ ಬೇರೆ ಖಾತೆಯೊಂದನ್ನು ಮಾಡಿದರು. ಹೇಗೆ ನಡೆಸಬೇಕೆಂಬುದನ್ನೆಲ್ಲ ಹಾಳೆಯಲ್ಲಿ ಬರೆದು ನಾಗವೇಣಿಯ ಕೈಗೆ ಕೊಟ್ಟರು.

ಆಮೇಲೆ ಮಷಿನ್ ಆರಿಸಿ ಮತ್ತೆ ಹಚ್ಚಿದರು. ಪರದೆ ಪಾಸ್‌ವರ್ಡ್ ಕೇಳಿತು. ಹಾಕಲಿಲ್ಲ. ಎದ್ದು ಕೌಂಟರಿನ ಪಕ್ಕ ಹೋಗಿ ನಿಂತರು.

ಯಾರೋ ಹಿರಿಯರು ತಮ್ಮ ಹಳೆಯ ಅಂಕಗಳನ್ನು ಕೇಳುತ್ತಿದ್ದರು. ನಾಗವೇಣಿ ಹೆಸರು ಟೈಪ್ ಮಾಡಿದಳು... ಪುಟ ಬಂತು.

ಆ ಹಿರಿಯರು ಪ್ರತಿ ತೆಗೆದುಕೊಂಡು ಹೊರಟರು. ಪ್ರಭಾಕರರ ಕಡೆ ನೋಡಲೂ ಇಲ್ಲ... ನೋಡುವ ಅಗತ್ಯವೇ ಅವರಿಗೆ ಇರಲಿಲ್ಲ.

ನಿಂಬೆವ್ವನ ಮಗಳಿಗೂ ಗುರುವಾರ ಹೀಗೇ ಆಗಬಹುದಿತ್ತು.

*ನಾವಿಲ್ಲದಾಗ ನಿಂತುಹೋಗುವ ಕೆಲಸಕ್ಕೆ ಬೆಲೆ ತೆರುವವರು ನಾವಲ್ಲ... ನಮಗಾಗಿ ಕಾದು ಕೂತವರು.*

ನಾನೊಬ್ಬನೇ ಬಲ್ಲೆ ಎಂದು ಯಾರಿಗೂ ಬಿಟ್ಟುಕೊಡದೆ ಇಟ್ಟುಕೊಂಡ ಕೆಲಸ ನಿಮ್ಮ ಬಳಿಯೂ ಇದೆಯೇ? ಇದ್ದರೆ... ಅದಕ್ಕಾಗಿ ಇವತ್ತು ಯಾರು ಕಾಯುತ್ತಿರಬಹುದು?