ನೀರಿಗಿಳಿಸಿ ನೋಡದ ಗಿರಾಕಿ

“ಅಡಿಯಲ್ಲಿ, ಎಡಗಡೆ, ಒಂದು ಉದ್ದ ಗೀರಿರ್ಬೇಕಲ್ಲ ಸಾರ್?” ಅಂದ ಬಂದವನು. ಮಾರಲಿಟ್ಟ ಹಲಗೆ ಇನ್ನೂ ಚೀಲದೊಳಗೇ ಇತ್ತು.

ಹಲ್ಲಿನ ಡಾಕ್ಟರು ಚೀಲವನ್ನು ನೆಲಕ್ಕೆ ಮಲಗಿಸಿದರು. ಜಿಪ್ ಎಳೆದು ಹಲಗೆ ಮಗುಚಿದರು. ಗೀರು ಇತ್ತು. ಎಡಗಡೆಯೇ ಇತ್ತು.

“ನಿಮಗೆ ಹೇಗೆ ಗೊತ್ತು?”

“ಇಂಥವಕ್ಕೆ ಅಲ್ಲೇ ಪೆಟ್ಟು ಬೀಳೋದು.”

“ಬಂಡೆಗೆ ತಾಗಿತ್ತು,” ಅಂದರು ಡಾಕ್ಟರು. ಅವರು ನೀರಿಗಿಳಿಯುವ ಜಾಗದಲ್ಲಿ ಬಂಡೆಯೇ ಇರಲಿಲ್ಲ. ಬಂದವನು ವಾದ ಮಾಡದೆ ತಲೆಯಾಡಿಸಿದ. ಪೊದೆಗಡ್ಡ, ಬಿಸಿಲಿಗೆ ಸಿಪ್ಪೆ ಎದ್ದ ಮೂಗು, ಹಗ್ಗ ಉಜ್ಜಿ ಗಟ್ಟಿಯಾದ ಅಂಗೈ, ಹಿಂದಿನ ಜೇಬಿನಲ್ಲಿ ತುರುಕಿದ ಕಿತ್ತಳೆ ಟೋಪಿ. ಇವನನ್ನು ಎಂದೂ ನೋಡಿಲ್ಲ ಎಂದು ಡಾಕ್ಟರು ಆಣೆ ಇಟ್ಟು ಹೇಳಬಲ್ಲವರಾಗಿದ್ದರು.

ಮಾರಾಟಕ್ಕಿದ್ದದ್ದು ವಿಂಗ್ ಫಾಯಿಲ್‌ನ ಪೂರಾ ಸರಂಜಾಮು. ಕೈಯಲ್ಲಿ ಹಿಡಿಯಲು ಗಾಳಿ ತುಂಬಿದ ರೆಕ್ಕೆ, ನಿಲ್ಲಲು ಹಲಗೆ, ಹಲಗೆಯಡಿಗೆ ಒಂದು ಕಂಬ, ಕಂಬದ ತುದಿಗೆ ಇನ್ನೊಂದು ಪುಟ್ಟ ಲೋಹದ ರೆಕ್ಕೆ. ವೇಗ ಸಿಕ್ಕರೆ ಹಲಗೆ ನೀರು ಬಿಟ್ಟು ಮೇಲೆದ್ದು ಹಾರುತ್ತದೆ. ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ಡಾಕ್ಟರು ಚೆನ್ನಾಗಿ ಬಲ್ಲರು.

ನೀರಿಗಿಳಿಸಿ ನೋಡಿ, ಆಮೇಲೆ ಕೊಳ್ಳಿ ಎಂದು ಅಂಗಡಿಯವನು ಬೇಡಿಕೊಂಡಿದ್ದ. ಇವರು ಕೇಳಲಿಲ್ಲ. ಊರಿನವರ ಕಟ್ಟುಹಲ್ಲನ್ನು ಮೂರು ಮೂರು ಸಲ ಬಾಯಿಗಿಟ್ಟು ನೋಡಿ ಕೊಡುವ ಮನುಷ್ಯ, ತನ್ನ ಸರದಿ ಬಂದಾಗ ನಲವತ್ತು ವಿಡಿಯೋ ನೋಡಿ ಸಾಕು ಅಂದುಕೊಂಡರು. ವಿಡಿಯೋದಲ್ಲಿ ಹಾರುತ್ತಿದ್ದ ಹುಡುಗನ ಹಲಗೆಯನ್ನೇ ತರಿಸಿದರು. ಅವನ ತೂಕ ಅರವತ್ತು ಕಿಲೋ, ಇವರದು ತೊಂಬತ್ತೆರಡು. ನಿಲ್ಲುವ ಮಾತು ಹಾಗಿರಲಿ, ಕೂತರೇ ಮುಳುಗುತ್ತಿತ್ತು.

ಏಳು ಭಾನುವಾರ ಮುಳುಗಿದರು. ಮನೆಯಲ್ಲಿ ಮಾತ್ರ ಏಳು ಭಾನುವಾರವೂ ಹಾರಿದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಇವರದು ಮೀಸೆಯ ಜೊತೆ ಬಾಯಿ, ಮೂಗು, ಕಿವಿಗೂ ಉಪ್ಪುನೀರು ತುಂಬಿತ್ತು.

ಹೆಂಡತಿ ಗಣಿತದ ಟೀಚರು. ಆಕೆಗೆ ಲೆಕ್ಕ ತಾಳೆಯಾಗುತ್ತಿರಲಿಲ್ಲ.

“ಕನ್ನಡಕ ಕಾರಲ್ಲಿ ಬಿಟ್ಟು ನೀರಿಗಿಳೀತೀರಿ. ಅದಿಲ್ದಿದ್ರೆ ನಿಮಗೆ ನಮ್ಮಮ್ಮನಿಗೂ ಬೀರುವಿಗೂ ವ್ಯತ್ಯಾಸ ಗೊತ್ತಾಗಲ್ಲ. ಅಷ್ಟು ದೂರದಿಂದ ದಡಕ್ಕೆ ಹೇಗ್ರೀ ಬರ್ತೀರಿ?”

“ಗಾಳಿ ತರುತ್ತೆ ಕಣೇ.”

“ಹಾಗಾದ್ರೆ ಈ ಭಾನುವಾರ ನಾನೂ ಬರ್ತೀನಿ. ನೀವು ಹಾರೋದನ್ನ ಕಣ್ತುಂಬ ನೋಡ್ಬೇಕು.”

ಅರ್ಧ ಗಂಟೆಯೊಳಗೆ ಡಾಕ್ಟರು ಜಾಹೀರಾತು ಹಾಕಿದರು, ಗೀರಿಲ್ಲದ ಬದಿಯ ಫೋಟೋ ಸಮೇತ. ಹತ್ತೇ ನಿಮಿಷಕ್ಕೆ ಈ ಗಡ್ಡದವನ ಫೋನು. ಹಿಂದೆ ನಾಲ್ಕೈದು ಜನ ಹೋ ಎಂದು ಕೂಗಿದ್ದು ಕೇಳಿಸಿತ್ತು. ಯಾವುದೋ ಪಂದ್ಯ ನೋಡುತ್ತಿದ್ದಾರೆ ಅಂದುಕೊಂಡಿದ್ದರು.

ಈಗ ಡಾಕ್ಟರಿಗಿದ್ದದ್ದು ಒಂದೇ ಭಯ. ‘ನೀವೇ ಒಂದು ಸಲ ಓಡಿಸಿ ತೋರಿಸಿ’ ಎಂದು ಇವನು ಹೆಂಡತಿಯ ಮುಂದೆ ಕೇಳಿದರೆ ಕಥೆ ಮುಗೀತು.

“ನೀರಿಗಿಳಿಸಿ ನೋಡಲ್ವಾ?” ಕೇಳಿಯೇಬಿಟ್ಟಳು ಹೆಂಡತಿ, ಟೀ ಲೋಟ ಮುಂದಿಡುತ್ತಾ.

“ಬೇಡಮ್ಮ. ನೋಡೋದೇನಿದೆ.”

“ಇವರು ಇದರ ಮೇಲೆ ಹಕ್ಕಿ ಥರ ಹಾರ್ತಾರಂತೆ.”

ಗಡ್ಡದವನಿಗೆ ಟೀ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. “ಗೊತ್ತಾಗುತ್ತಮ್ಮ, ಸಾರ್‌ನ ನೋಡಿದ್ರೇ ಗೊತ್ತಾಗುತ್ತೆ,” ಅಂದ.

ಚೌಕಾಸಿ ಮಾಡದೆ ಕೇಳಿದಷ್ಟು ಕೊಟ್ಟ. ಡಾಕ್ಟರಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಹಲಗೆಯ ಒಂದು ತುದಿ ಹಿಡಿದು ಬೀದಿಗೆ ಬರುವಷ್ಟರಲ್ಲಿ ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು. ತನ್ನ ಹಾಗೇ ನೋಡದೆ ಕೊಳ್ಳುತ್ತಿರುವ ಇನ್ನೊಬ್ಬ ಪೆದ್ದ. ತಾನು ಬಿದ್ದ ಹಳ್ಳಕ್ಕೆ ಇವನನ್ನೂ ತಳ್ಳುವುದೇ?

ವ್ಯಾನಿನ ಬಳಿ ಹಲಗೆ ಇಳಿಸಿ, ಹೆಂಡತಿ ಬಾಗಿಲಲ್ಲಿ ಇಲ್ಲವೆಂದು ನೋಡಿಕೊಂಡು, ಪಿಸುಗುಟ್ಟಿದರು.

“ನೋಡಿ, ಇದು ನಮ್ಮಂಥ ಭಾರದ ಆಳಿಗಲ್ಲ. ನಾನು ಒಂದು ಸಲಾನೂ ಇದರ ಮೇಲೆ ನಿಂತಿಲ್ಲ. ಸುಳ್ಳು ಹೇಳ್ಕೊಂಡು ಬಂದೆ. ಬೇಡ ಅಂದ್ರೆ ದುಡ್ಡು ಈಗಲೇ ವಾಪಸ್. ಭಾನುವಾರ ಇವಳ ಮುಂದೆ ಮಾನ ಹೋದ್ರೆ ಹೋಗ್ಲಿ.”

ಗಡ್ಡದವನು ಅವರನ್ನೇ ದಿಟ್ಟಿಸಿದ. ಮುಖ ಮೆತ್ತಗಾಯಿತು.

“ನೀವು ಒಳ್ಳೇವ್ರು ಸಾರ್. ಆದ್ರೂ ತಗೊಂಡೇ ಹೋಗ್ತೀನಿ. ನನಗೆ ಒಂದು ಮಾತು ಕೊಡಿ. ಇನ್ನೊಂದು ಕೊಳ್ಳಲ್ಲ ಅಂತ.”

“ಅದ್ಯಾಕೆ? ನನ್ನ ತೂಕಕ್ಕೆ ಸರಿಹೋಗೋ ದೊಡ್ಡ ಹಲಗೆ ಸಿಕ್ಕಿದ್ರೆ...”

“ಅಯ್ಯೋ, ಬೇಡ ಸಾರ್!” ಅವನು ಕೈಮುಗಿದೇಬಿಟ್ಟ.

ತಲೆ ಸರಿಯಿಲ್ಲದ ಗಿರಾಕಿ, ಅಂದುಕೊಂಡು ಡಾಕ್ಟರು ಹೂಂ ಅಂದರು. ಅವನು ಟೋಪಿ ಹಾಕಿಕೊಂಡು, ವ್ಯಾನಿನೊಳಗೆ ಹತ್ತಿ ಹಲಗೆಯನ್ನು ಎಳೆದುಕೊಂಡು, ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಬಿಗಿದ. ಹಲಗೆ ಹೊತ್ತ ಬೆವರಿಗೆ ಡಾಕ್ಟರ ಕನ್ನಡಕ ಮಸುಕಾಗಿತ್ತು. ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾ ಒಂದು ಹೆಜ್ಜೆ ಹಿಂದಿಟ್ಟರು. ಅಲ್ಲಿ ಚರಂಡಿಯಿತ್ತು.

ಬೀಳಲಿಲ್ಲ. ಮೇಲಿನಿಂದ ಒಂದು ಕೈ ಚಾಚಿ, ಕಾಲರ್ ಹಿಡಿದು, ಒಂದೇ ಜಗ್ಗಿಗೆ ಎತ್ತಿತು. ಡಾಕ್ಟರು ತಲೆಯೆತ್ತಿದರು. ಬರಿಗಣ್ಣಿಗೆ ಕಂಡದ್ದು ಕಿತ್ತಳೆ ಬಣ್ಣದ ಒಂದು ಮಸುಕು, ಅದರ ಕೆಳಗೆ ಕಪ್ಪು ಪೊದೆ. ಏಳು ಭಾನುವಾರ, ರಕ್ಷಣಾ ದೋಣಿಯ ಅಂಚಿನಿಂದ ಬಗ್ಗಿ, ಹೀಗೇ ಕಾಲರ್ ಹಿಡಿದು ಅವರನ್ನು ನೀರಿನಿಂದ ಎತ್ತಿದ ಮಸುಕು.

“ದೋಣಿಯವರೆಲ್ಲ ಸೇರಿ ದುಡ್ಡು ಹಾಕಿದ್ವಿ ಸಾರ್,” ಅಂದಿತು ಮಸುಕು. “ಈ ಭಾನುವಾರ ನಾವೂ ಸ್ವಲ್ಪ ಆರಾಮಾಗಿ ಕೂತ್ಕೋತೀವಿ.”