ಇಲ್ಲಿನ ಅನುಭವ

"ಎಲ್ಲಿಗೆ ಹೋಗಿದ್ದೆ?"

ಬಾಗಿಲು ತೆಗೆಯುತ್ತಲೇ ಅವನು ಕೇಳಿದ. ತೋಳಿನಲ್ಲಿ ಮಗು. ಆಫೀಸಿನಿಂದ ಬೇಗ ಬಂದವನು ಬೀಗ ಹಾಕಿದ ಮನೆ ನೋಡಿ, ಎದುರು ಮನೆಯ ನರ್ಸಮ್ಮನ ಹತ್ತಿರ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಬಂದಿದ್ದ.

ಅವಳು ಗೋಡೆ ಹಿಡಿದು ಶೂ ಬಿಚ್ಚಿದಳು. ಸುಳ್ಳು ಹೇಳುವಷ್ಟು ಉಸಿರೂ ಉಳಿದಿರಲಿಲ್ಲ.

"ಇಂಟರ್‌ವ್ಯೂಗೆ."

"ಮತ್ತೆ ಶುರುವಾಯ್ತಾ? ನಿನಗ್ಯಾಕೆ ಬೇಕು ಈ ಉಸಾಬರಿ? ನಾನು ದುಡೀತಿಲ್ವಾ? ನಿನಗೇನು ಕಡಿಮೆ ಮಾಡಿದ್ದೀನಿ ಹೇಳು."

"ಏನೂ ಇಲ್ಲ."

"ಮತ್ತೆ? ಮನೆಯವರನ್ನ ದುಡಿಯೋಕೆ ಕಳಿಸ್ತಾನೆ ಅಂತ ಜನ ನನ್ನ ಮುಖಕ್ಕೆ ಉಗೀತಾರೆ. ಮಗೂನ ಯಾರು ನೋಡ್ಕೋತಾರೆ?"

ಅವಳು ಮಗುವಿಗೆ ಕೈ ಚಾಚಿದಳು. ಅದು ಅವಳ ಕೊರಳಿಗೆ ಜೋತುಬಿದ್ದು ಕಣ್ಣು ಮುಚ್ಚಿತು.

ಊರಿನಲ್ಲಿ ಅವಳಿಗೊಂದು ಕುರ್ಚಿ ಇತ್ತು. ವಿದ್ಯುತ್ ಕಂಪನಿಯ ಬಿಲ್ಲುಗಳಿಗೆ ಪ್ರೋಗ್ರಾಮ್ ಬರೆಯುವ ಕೆಲಸ. ಏನಾದರೂ ಕೆಟ್ಟರೆ ಇಡೀ ಆಫೀಸು ಅವಳ ಹೆಸರು ಹಿಡಿದು ಕೂಗುತ್ತಿತ್ತು. "ಬಂದುಬಿಡು, ನನ್ನೊಬ್ಬನ ಕೈಲಿ ಆಗಲ್ಲ" ಎಂದು ಅವನು ಕರೆದಾಗ ಆ ಕುರ್ಚಿ ಬಿಟ್ಟು ವಿಮಾನ ಹತ್ತಿದ್ದಳು. ಇಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ.

ಕೆಲಸ ಮಾಡುವ ಪರವಾನಗಿ ಅವಳಿಗೂ ಸಿಕ್ಕಿತ್ತು. ಮಗು ಮಲಗಿದಾಗಲೆಲ್ಲ ಅರ್ಜಿ ಹಾಕಿದಳು. ಬಹಳಷ್ಟು ಕಡೆಯಿಂದ ಉತ್ತರವೇ ಬರಲಿಲ್ಲ. ಬಂದ ಕಡೆಯಿಂದಲೂ ಒಂದೇ ರಾಗ: ನಿಮಗೆ ಇಲ್ಲಿನ ಅನುಭವ ಇಲ್ಲವಲ್ಲ. ಇಲ್ಲಿ ಯಾರೂ ಕೆಲಸ ಕೊಡದಿದ್ದರೆ ಇಲ್ಲಿನ ಅನುಭವವನ್ನು ಯಾವ ಸಂತೆಯಿಂದ ತರುವುದು? ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು.

ಒಳಗೆ ಕರೆದವರೂ ಬಾಗಿಲಲ್ಲಿ ಅವಳನ್ನು ಕಂಡು ಒಂದು ಕ್ಷಣ ತಡವರಿಸುತ್ತಿದ್ದರು. ಕಾಗದದಲ್ಲಿ ಓದಿದವಳು ಇವಳೇನಾ ಎನ್ನುವಂತೆ. "ನಮ್ಮದು ಚುರುಕಾದ ತಂಡ. ಹೊಂದಿಕೊಳ್ಳುತ್ತೀರಾ?" ಅವಳು ಉಚ್ಚಾರಣೆ ತಿದ್ದಿಕೊಂಡಳು. ಸೀರೆ ಬಿಟ್ಟು ಪ್ಯಾಂಟು, ಕೋಟು ಹಾಕಿದಳು. ಆ ನೋಟ ಮಾತ್ರ ಬದಲಾಗಲಿಲ್ಲ.

ಇವತ್ತಿನದು ಬಸ್ ಕಂಪನಿ. ಯಾವ ಚಾಲಕ ಯಾವ ಪಾಳಿಗೆ ಎಂದು ಗೊತ್ತುಮಾಡುವ ಪ್ರೋಗ್ರಾಮ್ ಅವರದು. ಅದರಲ್ಲಿದ್ದ ತಪ್ಪುಗಳನ್ನು ಸರಿಮಾಡಲು ಕೂರಿಸಿದರು. ಕಣ್ಣಲ್ಲಿ ನೀರು ಬರುವವರೆಗೆ ಪರದೆ ನೋಡಿದಳು.

"ಇಷ್ಟು ಸರಿಹೋಯ್ತು. ಉಳಿದದ್ದು ನನಗೆ ಗೊತ್ತಿಲ್ಲ. ಓದಿಕೊಂಡು ಮಾಡ್ತೀನಿ," ಎಂದಳು.

ತಂಡದ ಮುಖ್ಯಸ್ಥೆ ತಲೆಯಾಡಿಸಿ, ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದಳು: "ಇನ್ನು ಐದು ವರ್ಷಕ್ಕೆ ನೀವು ಎಲ್ಲಿರುತ್ತೀರಿ?"

"ಇದ್ದರೆ ಅದೇ ದೊಡ್ಡದು."

ಬಾಯಿ ತಪ್ಪಿ ಬಂದ ಮಾತು. ಮುಖ್ಯಸ್ಥೆ ಮೊದಲು ಬೆಚ್ಚಿದಳು, ಆಮೇಲೆ ಗೊಳ್ಳೆಂದು ನಕ್ಕಳು. ಇದೂ ಕೈತಪ್ಪಿತು ಅಂದುಕೊಂಡೇ ಅವಳು ಬಸ್ಸು ಹತ್ತಿದ್ದಳು.

ಸಂಜೆ ಎಂದಿನಂತೆ ಅವನ ಫೋನು ಹೊಡೆದುಕೊಂಡಿತು. ದೂರದ ಊರಿನಲ್ಲಿ ಕೆಲಸದಲ್ಲಿರುವ ಆ ಹುಡುಗಿಯದು. ಅವನ ದನಿ ಕೂಡಲೇ ಮೆತ್ತಗಾಯಿತು. ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಮೊದಲು ನಗು, ಆಮೇಲೆ ಪಿಸುಮಾತು, ನಡುವೆ ಇವಳ ಮೇಲಿನ ದೂರು. ಗೋಡೆ ತೆಳುವಾಗಿತ್ತು. ಫೋನಿನೊಳಗಿನ ಆ ದನಿ ಈಗ ಮಗುವಿಗೂ ಗುರುತು ಹತ್ತಿತ್ತು. ಕಿವಿ ನಿಮಿರಿಸಿ ಬಾಗಿಲು ಬಡಿಯಲು ಓಡಿತು. ಅವಳು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಕೇಳಿಸಿಕೊಂಡು ಆಗಬೇಕಾದ್ದೇನು? ಮಲಗುವುದಂತೂ ಬಂದ ದಿನದಿಂದ ಮಗುವಿನ ಕೋಣೆಯಲ್ಲೇ.

ವಾರದ ಕೊನೆಗೆ ಬಸ್ ಕಂಪನಿಯವರು ಫೋನ್ ಮಾಡಿದರು. ಸೋಮವಾರ ಬನ್ನಿ ಎಂದರು.

ಅವಳು ಒಲೆ ಆರಿಸಿ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಸಂತೋಷಕ್ಕಿಂತ ಮೊದಲು ಬಂದದ್ದು ಸುಸ್ತು; ಇಷ್ಟು ದಿನ ನಿಂತೇ ಇದ್ದೆನೇನೋ ಎನ್ನುವಂಥ ಸುಸ್ತು.

"ಕೆಲಸ ಸಿಕ್ತು, ಸೋಮವಾರದಿಂದ," ಎಂದಳು ಅವನಿಗೆ.

ಅವನು ಪೇಪರು ಕೆಳಗಿಡಲಿಲ್ಲ. "ಆಗಲ್ಲ ಅಂದ್ಬಿಡು."

"ಒಪ್ಕೊಂಡಾಯ್ತು."

"ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ನಿನ್ನ ಮಾತು ಕೇಳ್ಕೊಂಡೇ ಅಲ್ವಾ ಇಲ್ಲಿವರೆಗೂ ಬಂದಿದ್ದು?"

ಅವನು ಎದ್ದು ನಿಂತ. ಏನು ಹೇಳುತ್ತಿದ್ದನೋ, ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು.

ಹೊಸಿಲಾಚೆ ದೊಡ್ಡ ಸೂಟ್‌ಕೇಸು ಹಿಡಿದು ಅದೇ ಹುಡುಗಿ ನಿಂತಿದ್ದಳು. ಅವನ ಮುಖ ಅರಳಿತು. ಮರುಕ್ಷಣ ಹಿಂದೆ ನಿಂತವಳ ಕಡೆ ನೋಡಿ ಬಾಡಿತು.

"ಹೇಳದೆ ಕೇಳದೆ ಬಂದುಬಿಟ್ಯಲ್ಲ?"

"ಇಲ್ಲಿಗೇ ವರ್ಗ ಮಾಡಿಸ್ಕೊಂಡೆ. ಇನ್ಮೇಲೆ ಇಲ್ಲೇ ಇರ್ತೀನಿ." ಹುಡುಗಿ ಅವನನ್ನು ದಾಟಿ ಒಳಗೆ ಬಂದಳು. "ದಿನಾ ಫೋನಲ್ಲಿ ಇವರ ಮೇಲೆ ನೀನು ಹೇಳೋ ಚಾಡಿ ಕೇಳಿ ಕೇಳಿ ಸಾಕಾಯ್ತು. ಈಗಿನ ಮಾತೂ ಬಾಗಿಲಾಚೆಗೇ ಕೇಳಿಸ್ತು."

ಮಗು ಇವಳ ಸೊಂಟದಿಂದ ಜಾರಿ ಅತ್ತ ಓಡಿತು. ಹುಡುಗಿ ಅದನ್ನು ಬಾಚಿ ಎತ್ತಿಕೊಂಡು ಕೆನ್ನೆಗೆ ಕೆನ್ನೆ ಒತ್ತಿದಳು. ಖಾಲಿಯಾದ ಕೈಗಳನ್ನು ಕಟ್ಟಿಕೊಂಡು ಇವಳು ಗೋಡೆಗೆ ಒರಗಿದಳು. ಹುಡುಗಿ ಮೆಲ್ಲಗೆ ಇವಳತ್ತ ತಿರುಗಿದಳು.

"ನಿಮ್ಮ ಮಗ ಹೀಗೇ ಗೊಣಗ್ತಿರ್ಲಿ ಅತ್ತೆ, ನೀವು ಸೋಮವಾರ ಹೊರಡಿ, ನಿಮ್ಮ ಮೊಮ್ಮಗನ್ನ ನಾವು ಅಪ್ಪ-ಅಮ್ಮ ಇದ್ದೀವಲ್ಲ, ನೋಡ್ಕೋತೀವಿ."