ಬಂದ ದಾರಿಯಲ್ಲಿ ಬೇಡ

ಸೇತುವೆಯ ಸಿಗ್ನಲ್ ಹಸಿರಾಯಿತು. ಮೊದಲ ಕಾರು ಹೊರಡಲಿಲ್ಲ. ಸಾಲು ಉದ್ದವಿದೆಯೆಂದು ತಿಳಿದ ಯಂತ್ರ, ಪಾಪ, ಇನ್ನಷ್ಟು ಹೊತ್ತು ಹಸಿರು ಕೊಟ್ಟಿತು. ಆಗಲೂ ಯಾರೂ ಹೊರಡಲಿಲ್ಲ. ಕಾರುಗಳ ಬಾಗಿಲು ತೆರೆದವು, ತುತ್ತೂರಿಯವರು ಇಳಿದು ನಡುರಸ್ತೆಯಲ್ಲೇ ಊದತೊಡಗಿದರು. ಸಂಚಾರ ನಿಯಂತ್ರಣ ಕೊಠಡಿಯ ಪರದೆಯಲ್ಲಿ ಇದನ್ನು ನೋಡುತ್ತಿದ್ದ ನೆವೆನಾ ಮುಂದಕ್ಕೆ ಬಗ್ಗಿದಳು. ಮೊದಲ ಕಾರಿನ ಕಿಟಕಿಯಿಂದ ಧ್ವಜ ಹಿಡಿದಿದ್ದವನು ಅವಳ ಸೋದರಮಾವ ಮಿಲೋಯೆ. ಅದು ಅವಳ ತಮ್ಮ ಉರೋಶನ ಮದುವೆಯ ದಿಬ್ಬಣ.

ತಮ್ಮನ ಮದುವೆ ಬಿಟ್ಟು ಅವಳು ಇಲ್ಲಿ ಕೂತಿರುವುದಕ್ಕೆ ಕಾರಣ ಪಕ್ಕದ ಕುರ್ಚಿಯಲ್ಲೇ ಇದ್ದ. ನಗರಸಭೆಯಿಂದ ಬಂದ ಪರೀಕ್ಷಕ ರಾದೆಂಕೋ. ವಾಹನಗಳನ್ನು ತಾವೇ ಎಣಿಸಿ, ದೀಪ ತಾವೇ ಬದಲಾಯಿಸಿಕೊಳ್ಳುವ ಸಿಗ್ನಲ್‌ಗಳ ಹೊಸ ವ್ಯವಸ್ಥೆಯನ್ನು ನೆವೆನಾ ವರ್ಷಗಟ್ಟಲೆ ಒದ್ದಾಡಿ ಕಟ್ಟಿದ್ದಳು. ಇವತ್ತು ಸಂಜೆಯವರೆಗೆ ಅದು ಮನುಷ್ಯರ ಕೈ ಸೋಕದೆ ನಡೆದರೆ ಒಪ್ಪಿಗೆ. ಯಾರಾದರೂ ಒಂದೇ ಒಂದು ಗುಂಡಿ ಒತ್ತಿದರೂ ಎಲ್ಲ ಕಿತ್ತು, ಹಳೆಯ ಸಿಗ್ನಲ್‌ಗಳನ್ನೇ ಮತ್ತೆ ಹಾಕುವುದು ಎಂದು ತೀರ್ಮಾನವಾಗಿತ್ತು.

ಫೋನು ಬಡಿದುಕೊಂಡಿತು.

"ಏನೇ ಇದು, ಹಳೇ ಸೇತುವೆಗೆ ಕಬ್ಬಿಣದ ಗೂಟ ನೆಟ್ಟಿದ್ದೀರಾ?" ಅಮ್ಮನ ದನಿ ತುತ್ತೂರಿಯನ್ನೂ ಮೀರಿಸುತ್ತಿತ್ತು.

"ಇವತ್ತಿಂದ ಅದು ನಡೆಯೋರಿಗೆ ಮಾತ್ರ ಅಮ್ಮ. ಹೊಸ ಸೇತುವೆ ಮೇಲೆ ಬನ್ನಿ, ಹಸಿರಿದೆ."

"ಹಸಿರು ತಗೊಂಡು ನಾನೇನು ಮೇಯಲಾ? ಹೆಣ್ಣು ಕರ್ಕೊಂಡು ಬರೋಕೆ ಅದರ ಮೇಲೇ ಹೋಗಿದ್ವಿ. ಹೋದ ದಾರೀಲೇ ಸೊಸೇನ ಕರ್ಕೊಂಡು ಬಂದ್ರೆ ತವರಿನ ದಾರಿ ಅವಳಿಗೆ ಬಾಯಿಪಾಠ ಆಗೋಗುತ್ತೆ. ಊರಿಗೆಲ್ಲ ದಾರಿ ಮಾಡಿಕೊಡೋಳು, ತಮ್ಮನಿಗೆ ಒಂದು ದಾರಿ ಇಟ್ಟಿಲ್ವಲ್ಲೇ."

ನೆವೆನಾ ಹಣೆ ಚಚ್ಚಿಕೊಂಡಳು. ಶಾಲೆ ಬಿಡುವ ಹೊತ್ತು, ಸಂತೆ, ಫುಟ್‌ಬಾಲ್ ಪಂದ್ಯ, ಎಲ್ಲವನ್ನೂ ಯಂತ್ರಕ್ಕೆ ಕಲಿಸಿದ್ದಳು. ಮೊರಾವಾ ನದಿಯಾಚೆಯಿಂದ ಸೊಸೆ ತರುವವರಿಗೆ ಎರಡು ಸೇತುವೆ ಬೇಕೆಂಬುದು ಮಾತ್ರ, ಆ ಊರಲ್ಲೇ ಹುಟ್ಟಿ ಬೆಳೆದವಳಿಗೆ, ಮರೆತೇ ಹೋಗಿತ್ತು. ಮೂರನೆಯ ಸೇತುವೆ ಇದ್ದದ್ದು ಪಕ್ಕದ ಊರಿನಲ್ಲಿ. ಶನಿವಾರ ಬೇರೆ, ಪಾದ್ರಿಗೆ ಒಂದರ ಹಿಂದೊಂದು ಮದುವೆ. ಅಷ್ಟು ಸುತ್ತಿ ಬರುವಷ್ಟರಲ್ಲಿ ಇವರ ಸರದಿ ತಪ್ಪಿಹೋಗುತ್ತಿತ್ತು.

ಗೂಟಗಳನ್ನು ನೆಲದೊಳಗೆ ಇಳಿಸುವ ಗುಂಡಿ ಅವಳ ಬೆರಳಿನ ಪಕ್ಕದಲ್ಲೇ ಇತ್ತು. ರಾದೆಂಕೋ ಗುಂಡಿಯನ್ನೂ ನೋಡಿದ, ಅವಳನ್ನೂ ನೋಡಿದ.

"ಕೈ ಇಡೋ ಹಾಗಿಲ್ಲಮ್ಮ," ಅಂದ.

ಅವಳು ಗುಂಡಿಯಿಂದ ಕೈ ಹಿಂದಕ್ಕೆ ಎಳೆದುಕೊಂಡಳು. ಆಗ ಹೊಳೆಯಿತು. ಹೊಸ ಸೇತುವೆಯ ದಾರಿ ಹತ್ತು ನಿಮಿಷ ಒಂದೇ ಸಮನೆ ಕಟ್ಟಿಕೊಂಡರೆ, ಅಪಘಾತವಾಗಿದೆಯೆಂದು ತಿಳಿದು ಹಳೆ ಸೇತುವೆಯ ಗೂಟಗಳನ್ನು ಯಂತ್ರವೇ ಇಳಿಸಬೇಕು. ಆ ನಿಯಮ ಹಾಕಿದವಳು ಅವಳೇ. ಮೊದಲ ಕಾರು ಮೊಳದಷ್ಟು ಮುಂದೆ ಸರಿದರೂ ಎಣಿಕೆ ಮತ್ತೆ ಮೊದಲಿಂದ.

"ಅಮ್ಮ, ಒಂದು ಕಾರೂ ಅಲ್ಲಾಡಬಾರದು. ಬಸ್ಸಿನ ಲೇನ್ ಬಿಟ್ಟು ನಿಲ್ಲಿ, ಆಂಬುಲೆನ್ಸ್ ಬಂದ್ರೆ ಹೋಗ್ಲಿ. ಉಳಿದ ಕಡೆಯೆಲ್ಲ ಕುಣೀರಿ."

"ಕುಣಿಯೋದಾ?"

"ಹೂಂ. ನಾನು ಸಾಕು ಅನ್ನೋವರೆಗೂ."

ಅವಳ ಅಮ್ಮನಿಗೆ ಈ ಮಾತನ್ನು ಎರಡು ಸಲ ಹೇಳಬೇಕಿರಲಿಲ್ಲ. ಕೈಗೆ ಕೈ ಕೂಡಿಸಿದ ಸಾಲು ಬೆಳೆಯುತ್ತಾ ಕಾರುಗಳನ್ನು ಸುತ್ತಿಕೊಂಡಿತು. ಹಿಂದೆ ಸಿಕ್ಕಿಬಿದ್ದವರು ಮೊದಲು ಹಾರ್ನ್ ಬಾರಿಸಿದರು, ಆಮೇಲೆ ಬೈದರು, ಪ್ಲಮ್ ಹಣ್ಣಿನ ಸಾರಾಯಿ ಕಿಟಕಿಗೇ ಬಂದ ಮೇಲೆ ಇಳಿದು ತಾವೂ ಕುಣಿದರು. ಪರದೆಯ ಮೂಲೆಯಲ್ಲಿ ಎಣಿಕೆ ಏರುತ್ತಿತ್ತು. ಇನ್ನೇನು ಆಯಿತು ಅನ್ನುವಾಗ ಬೇಸತ್ತ ಮಿಲೋಯೆ ಧ್ವಜ ಹಿಂದಕ್ಕೆಸೆದು ಸ್ಟೀರಿಂಗ್ ಹಿಡಿದ.

"ಅಮ್ಮ, ಮಾವನ ಕೀ ಕಿತ್ಕೋ."

ಅಮ್ಮನ ಹೂವಿನ ಟೋಪಿ ಕಾರಿನ ಕಿಟಕಿಯೊಳಗೆ ನುಗ್ಗಿ ಹೊರಬಂದದ್ದು ಪರದೆಯಲ್ಲಿ ಕಂಡಿತು. ಅಮ್ಮ ಕೀಯನ್ನು ಎದೆಯ ಬಟ್ಟೆಯೊಳಗೆ ತುರುಕಿಕೊಂಡು ಮತ್ತೆ ಕುಣಿತಕ್ಕೆ ಸೇರಿದಳು.

"ಇದು ಮೋಸ ಕಣಮ್ಮ," ಎಂದು ರಾದೆಂಕೋ ಪೊಲೀಸರ ಫೋನು ಎತ್ತಿಕೊಂಡ. "ಒಂದು ಮಾತು ಹೇಳಿದ್ರೆ ರಸ್ತೆ ಖಾಲಿ ಮಾಡಿಸ್ತಾರೆ."

"ನಾನು ಕೈ ಇಟ್ಟಿಲ್ಲ ಸಾರ್. ಬಾಯಿ ಹಾಕಬಾರದು ಅಂತ ನೀವು ಹೇಳಿರ್ಲಿಲ್ಲ."

ಪರದೆಯಲ್ಲಿ ಮದುಮಗಳು ಬಿಳಿ ಮುಸುಕನ್ನು ಗಾಳಿಗೆ ಬಿಟ್ಟು ಕಿಟಕಿಯಿಂದ ಬಗ್ಗಿ ನಗುತ್ತಿದ್ದಳು. ರಾದೆಂಕೋ ಅವಳನ್ನೇ ನೋಡುತ್ತಾ ಕೂತ. ಫೋನು ಕೈಯಲ್ಲೇ ಉಳಿಯಿತು.

ಗೂಟಗಳು ನಡುಗಿದವು. ಯಾರೂ ಮುಟ್ಟದೆ, ಒಂದೊಂದಾಗಿ ನೆಲದೊಳಗೆ ಇಳಿದುಹೋದವು. ನೆವೆನಾ ಕುರ್ಚಿ ಬಿಟ್ಟೆದ್ದು "ಸಾಕು, ಹೊರಡಿ" ಎಂದು ಫೋನಿನಲ್ಲಿ ಕಿರುಚಿದಳು. ಖುಷಿ ತಡೆಯಲಾಗದೆ ಕೊಠಡಿಯಲ್ಲಿ ಒಬ್ಬಳೇ ಒಂದು ಸುತ್ತು ಕುಣಿದಳು. ದಿಬ್ಬಣ ತಿರುಗಿ ಹಳೆಯ ಕಲ್ಲಿನ ಸೇತುವೆ ಹತ್ತಿತು. ಅಮ್ಮ ಕ್ಯಾಮೆರಾದ ಕಡೆ ಸಾರಾಯಿಯ ಗ್ಲಾಸು ಎತ್ತಿ ತೋರಿಸಿ ಮುಂದೆ ಹೋದಳು.

ಕುಣಿತ ಮುಗಿದ ಮೇಲೆ ಭಯ ಹಿಡಿಯಿತು. "ಪಾಸಾ ಸಾರ್, ಫೇಲಾ?"

"ಸಂಜೆವರೆಗೂ ಹೀಗೇ ನಡೆದ್ರೆ ಪಾಸು," ಎಂದು ರಾದೆಂಕೋ ಫೋನು ಕೆಳಗಿಟ್ಟ. ಕಡೆಯ ಕಾರು ದಾಟಿ ಖಾಲಿಯಾದ ಹಳೆ ಸೇತುವೆಯನ್ನು ಅವನು ಇನ್ನೂ ನೋಡುತ್ತಿದ್ದ.

"ನನ್ನ ಮದುವೇಲಿ ಊರಿಗೆ ಇದ್ದದ್ದು ಅದೊಂದೇ. ಅದರ ಮೇಲೇ ಹೋದ್ವಿ, ಅದರ ಮೇಲೇ ಬಂದ್ವಿ. ಎರಡನೇ ಚಳಿಗಾಲಕ್ಕೆ ಅವಳು ಹೊರಟಳು. ದಾರಿ ಯಾವ ಕಡೆ ಅಂತ ಯಾರನ್ನೂ ಕೇಳ್ಲಿಲ್ಲ."